ಎದೆ ತೊಳೆಯುವ ಬೆಲ್ಲ

ನಮ್ಮ ಮನೆಗೆ ಇದ್ದದ್ದು ಎರಡೇ ಕೋಣೆ. ಮುಂದಿನದು ಚಾವಡಿ, ಹಿಂದಿನದು ಅಡುಗೆಗೆ. ಆ ಎರಡರಲ್ಲಿ ನಾವು ನಾಲ್ಕು ಜನ, ಅಮ್ಮನ ಬೀಡಿ ಎಲೆಯ ಕಟ್ಟುಗಳು, ಅಜ್ಜಿಯ ಹಾಸಿಗೆ, ಅಪ್ಪನ ಉಳಿ ಸುತ್ತಿಗೆಗಳು, ನನ್ನ ಶಾಲೆಯ ಚೀಲ. ಒಬ್ಬರು ಕಾಲು ಚಾಚಬೇಕಾದರೆ ಇನ್ನೊಬ್ಬರು ಮಡಚಬೇಕಿತ್ತು. ಅಂಥ ಮನೆಯಲ್ಲಿ ಬೆಲ್ಲಕ್ಕೆ ಮಾತ್ರ ಸ್ವಂತ ಜಾಗ ಇತ್ತು. ಒಲೆಯ ಹಿಂದಿನ ಗೋಡೆಯಲ್ಲಿ ಒಂದು ಗೂಡು, ಅದರೊಳಗೆ ಕಂದುಬಣ್ಣದ ಭರಣಿ, ಭರಣಿಯ ಬಾಯಿಗೆ ಇರುವೆ ಹೋಗದ ಹಾಗೆ ಬಿಗಿದ ಬಟ್ಟೆ. ಆ ಬೆಲ್ಲವನ್ನು ಪಾಯಸಕ್ಕೆ ತೆಗೆಯುವ ಹಾಗಿರಲಿಲ್ಲ, ಚಹಾಕ್ಕೂ ಇಲ್ಲ. ಅದು ಅಪ್ಪನ ಎದೆಗೆ. ಅಪ್ಪ ಕಾರ್ಕಳದ ಹೊರಗೆ, ನಮ್ಮ ಮನೆಯಿಂದ ಏರು ಹತ್ತಿ ಹೋಗಬೇಕಾದ ಒಂದು ಕಲ್ಲುಕೋರೆಯಲ್ಲಿ ಕೆಲಸಕ್ಕಿದ್ದರು. ದಿನವಿಡೀ ಮೂಗಿನೊಳಗೆ ಹೋದ ಕಲ್ಲಿನ ಹುಡಿಯನ್ನು ಸಂಜೆ ತಿಂದ ಬೆಲ್ಲ ಎದೆಯಿಂದ ತೊಳೆದು ಹೊಟ್ಟೆಗೆ ಇಳಿಸುತ್ತದೆ, ಮರುದಿನ ಬೆಳಿಗ್ಗೆ ಅದು ಹೊರಗೆ ಹೋಗುತ್ತದೆ ಎಂಬುದು ನಮ್ಮ ಮನೆಯ ತಿಳಿವಳಿಕೆ. ಆ ಕೋರೆಯನ್ನು ನಂಬಿ ಬದುಕಿದ ಎಲ್ಲ ಮನೆಗಳ ತಿಳಿವಳಿಕೆಯೂ ಅದೇ.

ಸಂಜೆ ಕೋರೆಯಿಂದ ಇಳಿದು ಬರುವ ಅಪ್ಪ ತಲೆಯಿಂದ ಕಾಲಿನವರೆಗೆ ಬೂದಿ ಬಣ್ಣ. ಕಣ್ಣಿನ ರೆಪ್ಪೆ ಕೂಡ ಬಿಳಿ. ಬಾವಿಕಟ್ಟೆಯಲ್ಲಿ ಮೈ ತೊಳೆಯದೆ ಒಳಗೆ ಬರುವ ಹಾಗಿಲ್ಲ, ಅದು ಅಜ್ಜಿಯ ಕಟ್ಟಳೆ. ತೊಳೆದು ಬಂದು ಜಗಲಿಯಲ್ಲಿ ಕೂತ ಮೇಲೆ ನನ್ನ ಕೆಲಸ ಶುರು. ಅಪ್ಪನ ತಾಯಿಯಾದ ಅಜ್ಜಿ ಭರಣಿಯಿಂದ ನೆಲ್ಲಿಕಾಯಿಯಷ್ಟು ತುಂಡು ಮುರಿದು ನನ್ನ ಅಂಗೈಯಲ್ಲಿ ಇಡುತ್ತಿದ್ದಳು. ಇನ್ನೊಂದು ಕೈಯಲ್ಲಿ ನೀರಿನ ಚೆಂಬು ಹಿಡಿದು ನಾನು ಜಗಲಿಗೆ ಹೋಗುತ್ತಿದ್ದೆ. ಅಪ್ಪ ಅದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿ ಚೀಪುವಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಮ್ಮ ಬೀಡಿ ಸುತ್ತುವ ಬೆರಳು ನಿಲ್ಲಿಸುತ್ತಿರಲಿಲ್ಲ, ಆದರೆ ಕಣ್ಣು ಅಪ್ಪನ ಗಂಟಲಿನ ಮೇಲೆ ಇರುತ್ತಿತ್ತು. ನುಂಗಿದ್ದು ಕಂಡ ಮೇಲೆ ಅವಳ ತಲೆ ಮತ್ತೆ ಬೀಡಿಯ ಮೊರದ ಕಡೆ ಬಗ್ಗುತ್ತಿತ್ತು. ನಮ್ಮಲ್ಲಿ ಗಂಡ ಹೆಂಡತಿ ಎದುರೆದುರು ಕೂತು ಪ್ರೀತಿಯ ಮಾತಾಡುವ ರೂಢಿ ಇರಲಿಲ್ಲ. ಇದ್ದದ್ದು ಇಷ್ಟೇ, ಮತ್ತು ಇಷ್ಟು ದಿನಾ ಇತ್ತು.

ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ನಾನು ಆ ಭರಣಿಗೆ ಕೈ ಹಾಕಿದೆ. ಅಮ್ಮ ಸುತ್ತಿದ ಬೀಡಿಗಳನ್ನು ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿದ್ದಳು, ಅಜ್ಜಿ ತೂಕಡಿಸುತ್ತಿದ್ದಳು. ಒಂದು ತುಂಡಿಗೆಂದು ಹಾಕಿದ ಕೈ ಮೂರು ಸಲ ಹೋಯಿತು. ಸಂಜೆ ಅಪ್ಪನಿಗೆ ಸಿಕ್ಕಿದ್ದು ತಳದ ಪುಡಿ ಮಾತ್ರ. ಯಾರೂ ನನ್ನನ್ನು ಕೇಳಲಿಲ್ಲ, ಇರುವೆಯ ಮೇಲೆ ಅಪವಾದ ಹೋಯಿತು. ಮರುದಿನ ಬೆಳಿಗ್ಗೆ ಅಪ್ಪ ಹಲ್ಲುಜ್ಜುವಾಗ ಕೆಮ್ಮಿದರು. ಅವರು ದಿನಾ ಕೆಮ್ಮುತ್ತಿದ್ದಿರಬೇಕು, ನನ್ನ ಕಿವಿಗೆ ಬಿದ್ದದ್ದು ಅವತ್ತು. ನಾನು ದನದ ಹಟ್ಟಿಯ ಹಿಂದೆ ಹೋಗಿ ಅತ್ತೆ. ಅಪ್ಪನ ಎದೆಯಲ್ಲಿ ನನ್ನಿಂದಾಗಿ ಒಂದು ದಿನದ ಕಲ್ಲು ಉಳಿದುಹೋಯಿತು ಎಂದು ನಂಬಿದೆ. ನಂತರ ಅನೇಕ ವರ್ಷ ನಾನು ಹಬ್ಬದ ದಿನವೂ ಬೆಲ್ಲ ಬಾಯಿಗೆ ಹಾಕಲಿಲ್ಲ. ಈಗ ನಾನು ನರ್ಸಿಂಗ್ ಓದುವ ಮಕ್ಕಳಿಗೆ ಪಾಠ ಹೇಳುವವಳು. ಜನರು ತಪ್ಪು ನಂಬಿಕೆಯನ್ನು ಯಾಕೆ ಬಿಡುವುದಿಲ್ಲ ಎಂದು ಅವರು ಕೇಳಿದರೆ ನಾನು ಪುಸ್ತಕ ತೆರೆಯುವ ಮೊದಲು ಆ ಹಟ್ಟಿಯ ಹಿಂದಿನ ಬೆಳಗನ್ನು ಹೇಳುತ್ತೇನೆ. ನನಗೆ ಆ ನಂಬಿಕೆಯನ್ನು ಯಾರೂ ಕಲಿಸಲಿಲ್ಲ. ಅದು ನಾಚಿಕೆ ಮತ್ತು ಅಪ್ಪನ ಮೇಲಿನ ಪ್ರೀತಿ ಎರಡನ್ನೂ ಹಿಡಿದುಕೊಂಡು ಒಳಗೆ ಬಂತು.

ಅಜ್ಜಿಯ ಕಟ್ಟಳೆಗಳು ಬೆಲ್ಲಕ್ಕೆ ಮುಗಿಯುತ್ತಿರಲಿಲ್ಲ. ಬಂಗುಡೆ ಉಷ್ಣ, ಎಳನೀರು ತಂಪು. ಮೀನು ತಿಂದ ದಿನ ಮಜ್ಜಿಗೆ ಇಲ್ಲ. ಜ್ವರ ಬಂದವರಿಗೆ ಗಂಜಿಯ ತಿಳಿ, ಅನ್ನ ಇಲ್ಲ. ದೊಡ್ಡ ಕಾಯಿಲೆಗಳ ಹೆಸರನ್ನು ಮನೆಯೊಳಗೆ ಹೇಳಬಾರದು, ಹೆಸರು ಕೇಳಿದರೆ ಅದು ದಾರಿ ಕಂಡುಕೊಂಡು ಬರುತ್ತದೆ. ಕ್ಷಯಕ್ಕೆ 'ಆ ಕೆಮ್ಮು' ಎಂದು ಹೇಳಬೇಕು, ಅದೂ ಸ್ವರ ತಗ್ಗಿಸಿ. ಇವುಗಳ ನಡುವೆ ಒಳ್ಳೆಯವೂ ಇದ್ದವು. ಕುದಿಸದ ನೀರು ನಾವು ಕುಡಿಯುತ್ತಿರಲಿಲ್ಲ, ಹೊರಗಿಂದ ಬಂದ ಕಾಲು ತೊಳೆಯದೆ ಹೊಸ್ತಿಲು ದಾಟುತ್ತಿರಲಿಲ್ಲ. ಯಾವುದು ಸರಿ ಯಾವುದು ತಪ್ಪು ಎಂದು ಬೇರೆ ಮಾಡುವ ಜರಡಿ ನಮ್ಮಲ್ಲಿ ಇರಲಿಲ್ಲ, ಎಲ್ಲವೂ ಒಂದೇ ಬಾಯಿಂದ ಒಂದೇ ಗತ್ತಿನಲ್ಲಿ ಬರುತ್ತಿತ್ತು. ಅಮ್ಮನ ಕಟ್ಟಳೆ ಒಂದೇ: ಹಗಲು ಹೊತ್ತು ಮಲಗಬಾರದು. ಮೈ ಕೆಂಡದ ಹಾಗೆ ಸುಡುತ್ತಿದ್ದರೂ ಅವಳು ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಯಾರಾದರೂ ಕೇಳಿದರೆ ಸ್ವಲ್ಪ ಮೈ ಬಿಸಿ ಅಷ್ಟೇ ಎನ್ನುತ್ತಿದ್ದಳು. ಕಾಯಿಲೆ ಬೀಳುವುದು ಅವಳಿಗೆ ಸೋಮಾರಿತನದ ಹತ್ತಿರದ ನೆಂಟ.

ಕೋರೆಗೂ ತನ್ನದೇ ರೀತಿ ಇತ್ತು. ಶನಿವಾರ ಸಂಬಳದ ಜೊತೆ ಧಣಿ ಪ್ರತಿ ಆಳಿಗೂ ಒಂದು ಪೊಟ್ಟಣ ಬೆಲ್ಲ ಕೊಡುತ್ತಿದ್ದರು. ಬೆಲ್ಲ ಕೊಡುವ ಧಣಿ ಒಳ್ಳೆಯ ಧಣಿ, ಕೊಡದವ ಕಟುಕ. ನಮ್ಮ ಕಡೆಯ ಕೆಲಸಗಾರರು ಕೋರೆ ಆರಿಸುತ್ತಿದ್ದದ್ದು ಅದನ್ನು ನೋಡಿ. ಒಮ್ಮೆ ಉಚ್ಚಿಲದ ಕಡೆಯಿಂದ ಬಂದ ಒಬ್ಬ ಹೊಸ ಆಳು ಮೂಗು ಬಾಯಿಗೆ ಹೆಗಲ ಮೇಲಿನ ಬೈರಾಸು ಸುತ್ತಿಕೊಂಡು ಕೆಲಸಕ್ಕೆ ನಿಂತನಂತೆ. ನಮ್ಮ ಪಕ್ಕದ ಮನೆಯ ಸಂಜೀವಣ್ಣ ಅವನಿಗೆ ಮದಿಮಾಳ್, ಎಂದರೆ ಮದುಮಗಳು, ಎಂದು ಹೆಸರಿಟ್ಟ. ಮದಿಮಾಳ್ ನೀರು ಕುಡಿಯಲಿಕ್ಕೆ ಬಂದಳು, ಮದಿಮಾಳ್ ನಾಚಿದಳು ಎಂದು ಕೋರೆ ಇಡೀ ನಗುತ್ತಿತ್ತು. ನಾಲ್ಕನೇ ದಿನ ಬೈರಾಸು ಸೊಂಟಕ್ಕೆ ಹೋಯಿತು. ಅಪ್ಪ ಈ ಕಥೆಯನ್ನು ಊಟದ ಹೊತ್ತಿಗೆ ಹೇಳಿ ನಕ್ಕಾಗ ನಾವೂ ನಕ್ಕೆವು. ಅಮ್ಮ ಕೂಡ.

ಕೋರೆಗೆ ಯಂತ್ರ ಬಂದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಅಲ್ಲಿವರೆಗೆ ಬಂಡೆಗೆ ಉಳಿಯಲ್ಲಿ ಹೊಡೆಯುತ್ತಿದ್ದ ಕುಳಿಯನ್ನು ಈಗ ಗಾಳಿಯ ಒತ್ತಡದಲ್ಲಿ ತಿರುಗುವ ಡ್ರಿಲ್ ಹೊಡೆಯತೊಡಗಿತು. ಅದನ್ನು ಹಿಡಿಯಲು ಗಟ್ಟಿ ತೋಳಿನ ಇಬ್ಬರನ್ನು ಧಣಿ ಆರಿಸಿದರು, ಅಪ್ಪ ಮತ್ತು ಸಂಜೀವಣ್ಣ. ಸಂಬಳ ಏರಿತು. ಮನೆಗೆ ಹಂಚಿನ ಮಾಡು ಬಂತು, ನನಗೆ ಹೊಸ ಕೊಡೆ ಬಂತು. ಅಪ್ಪನ ಬೂದಿ ಬಣ್ಣ ಈಗ ಹಿಟ್ಟಿನ ಹಾಗೆ ಬೆಳ್ಳಗೆ, ಬಾವಿಕಟ್ಟೆಯ ಕಲ್ಲಿನ ಮೇಲೆ ಪದರ ಕಟ್ಟುವಷ್ಟು. ಅಜ್ಜಿ ಅದನ್ನು ನೋಡಿ ಬೆಲ್ಲದ ತುಂಡನ್ನು ದೊಡ್ಡದು ಮಾಡಿದಳು.

ಎಂಟನೇ ಕ್ಲಾಸಿನಲ್ಲಿ ನಮಗೆ ವಿಜ್ಞಾನ ಹೇಳುತ್ತಿದ್ದದ್ದು ಕಾಪುವಿನ ಕಡೆಯ ಪದ್ಮಾವತಿ ಟೀಚರ್. ಒಂದು ದಿನ ಅವರು ಬೋರ್ಡಿನ ಮೇಲೆ ಮನುಷ್ಯನ ಕುತ್ತಿಗೆಯಿಂದ ಕೆಳಗೆ ಎರಡು ಕೊಳವೆ ಬರೆದರು. ಮುಂದಿನದು ಗಾಳಿಗೆ, ಹಿಂದಿನದು ಅನ್ನಕ್ಕೆ. ಗಾಳಿಯದ್ದು ಎರಡು ಕವಲಾಗಿ ಎದೆಯೊಳಗೆ ಹೋಗಿ ಅಲ್ಲೇ ಮುಗಿಯಿತು. ಅನ್ನದ್ದು ನೇರ ಹೊಟ್ಟೆಗೆ ಇಳಿಯಿತು. ನಾನು ಎದ್ದು ನಿಂತು, ಅನ್ನದ ಕೊಳವೆಯಿಂದ ಗಾಳಿಯ ಕೊಳವೆಗೆ ಎಲ್ಲಾದರೂ ದಾರಿ ಉಂಟಾ ಟೀಚರ್ ಎಂದು ಕೇಳಿದೆ. ಇಲ್ಲ, ಅಪ್ಪಿತಪ್ಪಿ ಒಂದು ಅಗುಳು ಹೋದರೂ ಕೆಮ್ಮಿ ಹೊರಗೆ ಹಾಕುತ್ತದೆ ಎಂದರು. ಉಳಿದ ಪಾಠ ನನಗೆ ಕೇಳಿಸಲಿಲ್ಲ. ಆರು ವರ್ಷದಿಂದ ಹೊತ್ತ ಪಾಪ ಒಂದು ಕಡೆ ಇಳಿಯಿತು, ಅದರ ಜಾಗಕ್ಕೆ ಇನ್ನೊಂದು ಭಯ ಬಂದು ಕೂತಿತು. ಹಾಗಾದರೆ ಇಷ್ಟು ವರ್ಷದ ಕಲ್ಲು ಎಲ್ಲಿ ಹೋಯಿತು?

ಅದೇ ದಿನ ಊಟದ ಹೊತ್ತಿಗೆ, ಗಂಜಿ ಬಡಿಸಿ ಆದ ಮೇಲೆ, ನಾನು ಚಾವಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಕೊಳವೆ ಬರೆದು ತೋರಿಸಿದೆ. ಬಹಳ ಗತ್ತಿನಿಂದ ತೋರಿಸಿದೆ, ಟೀಚರ್ ಮಾಡಿದ ಹಾಗೆ ಬೆರಳು ಇಟ್ಟು ಇಟ್ಟು. ನಾವು ಮನೆಯಲ್ಲಿ ತುಳುವಿನಲ್ಲಿ ಮಾತಾಡುತ್ತಿದ್ದದ್ದು. ಶ್ವಾಸಕೋಶ ಎಂಬ ಕನ್ನಡದ ಶಬ್ದ ಆ ನೆಲದ ಮೇಲೆ ಮೊದಲ ಸಲ ಬಿತ್ತು.

"ಬೆಲ್ಲ ಎದೆಗೆ ಹೋಗುವುದೇ ಇಲ್ಲ. ನೀವು ತಿಂದದ್ದೆಲ್ಲ ಹೊಟ್ಟೆಗೆ ಹೋಗಿದೆ. ಹುಡಿ ಎಲ್ಲ ಒಳಗೇ ಉಂಟು."

ಅಮ್ಮ ಸೌಟು ಹಿಡಿದ ಕೈಯಲ್ಲೇ ನನ್ನ ಭುಜಕ್ಕೆ ಒಂದು ಕೊಟ್ಟಳು. ಅಜ್ಜಿ ತನ್ನ ಬಟ್ಟಲನ್ನು ಬದಿಗೆ ಸರಿಸಿದಳು. ಅಪ್ಪ ಆ ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಗಂಜಿಯ ಬಟ್ಟಲು ಎತ್ತಿಕೊಂಡು ಹೇಳಿದರು:

"ಚಂದ ಬರೆದಿದ್ದಿ ಮಗಾ. ಉಣ್ಣು ಈಗ."

ಮರುದಿನ ಸಂಜೆ ನಾನು ಚೆಂಬು ತೆಗೆದುಕೊಂಡು ಹೋದಾಗ ಅಪ್ಪ ನೀರು ಕುಡಿದು, ಬೆಲ್ಲ ಬೇಡ ಎಂದು ತಲೆ ಅಲ್ಲಾಡಿಸಿದರು. ನಾನು ಗೆದ್ದೆ ಅಂದುಕೊಂಡೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಅಮ್ಮನ ಹಳೆಯ ಸೀರೆಯ ತುಂಡೊಂದನ್ನು ಮಡಚಿ ಅವರ ಬುತ್ತಿಯ ಚೀಲದಲ್ಲಿ ಇಟ್ಟೆ. ಅದು ಹೋದ ಹಾಗೆ ಮಡಿಕೆ ಕೂಡ ಬಿಚ್ಚದೆ ವಾಪಸ್ಸು ಬಂತು. ಒಂದು ವಾರದಲ್ಲಿ ಮನೆಯ ಸ್ವರ ಬದಲಾಯಿತು. ಅಪ್ಪ ಬೆಳಿಗ್ಗೆ ಹೊರಡುವ ಮೊದಲು ಜಗಲಿಯ ಕಂಬ ಹಿಡಿದು ಕೋರೆಯ ಕಡೆ ನೋಡುತ್ತ ನಿಲ್ಲತೊಡಗಿದರು. ಸಣ್ಣ ಕೆಮ್ಮಿಗೂ ಎದೆ ಮುಟ್ಟಿಕೊಳ್ಳುತ್ತಿದ್ದರು. ಅಜ್ಜಿ ಭರಣಿಯನ್ನು ಗೂಡಿನಿಂದ ಇಳಿಸಿ ಅಟ್ಟಕ್ಕೆ ಹಾಕಿದಳು. ಆ ಶನಿವಾರ ಅಮ್ಮ ನನ್ನನ್ನು ಬಾವಿಕಟ್ಟೆಗೆ ಕರೆದು, ಹಗ್ಗ ಎಳೆಯುತ್ತಲೇ, ನನ್ನ ಮುಖ ನೋಡದೆ ಹೇಳಿದಳು.

"ನೀನು ಅವರ ಧೈರ್ಯ ತೆಗೆದಿ. ಅದರ ಬದಲಿಗೆ ಎಂತ ಕೊಟ್ಟಿ? ನಾಳೆ ಅವರು ಕೋರೆಗೆ ಹೋಗದಿದ್ರೆ ಉಣ್ಣುವುದು ಎಂತ, ಆ ಸೀಮೆಸುಣ್ಣವಾ?"

ನನಗಾಗ ಹದಿಮೂರು ವರ್ಷ. ಆ ಪ್ರಶ್ನೆಗೆ ಉತ್ತರ, ಆರೋಗ್ಯದ ಬಗ್ಗೆ ಭಾಷಣ ಮಾಡಲು ಹಳ್ಳಿಗೆ ಬರುವ ಎಷ್ಟೋ ಜನ ದೊಡ್ಡವರಲ್ಲಿಯೂ ಇರುವುದಿಲ್ಲ. ನಾನೇ ಅಟ್ಟ ಹತ್ತಿ ಭರಣಿ ಇಳಿಸಿದೆ. ಅಜ್ಜಿಯ ಮುಂದೆ ಅಂಗೈ ಹಿಡಿದೆ. ಅವಳು ಒಂದು ತುಂಡು ಮುರಿದು ಇಟ್ಟಳು, ಜಗಲಿಗೆ ಹೋಗಿ ಕೊಟ್ಟೆ. ಅಪ್ಪ ನನ್ನನ್ನು ಒಮ್ಮೆ ನೋಡಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚೀಪಿದರು. ಅಮ್ಮನ ತಲೆ ಮೊರದ ಕಡೆ ಬಗ್ಗಿತು. ಮನೆ ಮೊದಲಿನ ಹಾಗೆ ಆಯಿತು. ನಾನು ಆಗಲಿಲ್ಲ.

ಆಮೇಲಿನ ನಾಲ್ಕೈದು ವರ್ಷ ನಾನು ಓದಿದೆ, ಅಷ್ಟೇ. ಬೆಳಿಗ್ಗೆ ಅಮ್ಮನ ಜೊತೆ ಎಲೆ ಕತ್ತರಿಸಿ, ಸಂಜೆ ನೂಲು ಕಟ್ಟಿ, ನಡುವೆ ಪಾಠ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವರು ಯಾರೂ ಇರಲಿಲ್ಲ. ನಾನು ದಾಟಿದೆ, ಪಿಯುಸಿಯನ್ನೂ ಒಳ್ಳೆಯ ಅಂಕದಲ್ಲಿ ಮುಗಿಸಿದೆ. ಇದನ್ನು ಹೇಳುವಾಗ ಸ್ವರ ತಗ್ಗಿಸುವ ಅಭ್ಯಾಸ ನನಗಿಲ್ಲ. ಮಣಿಪಾಲದ ಒಂದು ಕಾಲೇಜಿನಲ್ಲಿ ನರ್ಸಿಂಗ್ ಪದವಿಗೆ ಸೀಟು ಸಿಕ್ಕಿತು. ನಾಲ್ಕು ವರ್ಷದ ಓದು. ಫೀಸಿನ ಮಾತು ಬಂದಾಗ ಅಪ್ಪ ಯಂತ್ರ ಉಂಟಲ್ಲ ಎಂದರು, ಅಲ್ಲಿಗೆ ಮಾತು ಮುಗಿಯಿತು.

ಆದರೆ ಅಷ್ಟರಲ್ಲಿ ಸಂಜೀವಣ್ಣ ಹೋಗಿದ್ದ. ಒಂದು ವರ್ಷ 'ಆ ಕೆಮ್ಮಿ'ನ ಮಾತ್ರೆ ನುಂಗಿದ, ಕೆಮ್ಮು ಇಳಿಯಲಿಲ್ಲ, ಮೂಳೆ ಚರ್ಮ ಆಗಿ ಹೋದ. ಅವನ ಮನೆಯವರು ಕೊನೆಯವರೆಗೂ ದಮ್ಮು ಎಂದೇ ಹೇಳಿದರು, ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿ ಇದ್ದಳು. ಹೆಣ ಎತ್ತುವ ದಿನ ಅಂಗಳದಲ್ಲಿ ನಿಂತ ಕೋರೆಯ ಜನ ತಮ್ಮ ತಮ್ಮೊಳಗೆ ಒಂದು ತೀರ್ಮಾನಕ್ಕೆ ಬಂದರು: ಸಂಜೀವ ಕುಡಿಯುತ್ತಿದ್ದ, ಬೆಲ್ಲವನ್ನು ಸರಿಯಾಗಿ ತಿನ್ನುತ್ತಿರಲಿಲ್ಲ. ನನಗೆ ಕೋಪ ಬರಬೇಕಿತ್ತು. ಅವರ ಮುಖ ನೋಡಿದಾಗ ಬರಲಿಲ್ಲ. ಮರುದಿನ ಅವರೆಲ್ಲ ಅದೇ ಏರು ಹತ್ತಿ ಹೋಗಬೇಕಿತ್ತು. ಹತ್ತಲು ಕಾಲಿಗೆ ಏನಾದರೂ ಬೇಕಲ್ಲ?

ಅಪ್ಪ ಆ ಏರನ್ನು ಇಳಿಯುವುದನ್ನು ನಾನು ಜಗಲಿಯಿಂದ ನೋಡುತ್ತಿದ್ದೆ. ಮೊದಲೆಲ್ಲ ಕೋರೆಯ ಬಾಯಿಯಿಂದ ನಮ್ಮ ಅಂಗಳಕ್ಕೆ ಒಂದೇ ನಡಿಗೆ. ಆ ವರ್ಷ ಮೂರು ಕಡೆ ಕೂರುತ್ತಿದ್ದರು. ಮೊದಲು ತಿರುವಿನ ಬಂಡೆಯ ಮೇಲೆ, ಆಮೇಲೆ ಹಲಸಿನ ಮರದ ಬುಡದಲ್ಲಿ, ಮತ್ತೆ ನಮ್ಮ ಬೇಲಿಯ ತಡಮೆಯ ಹೊರಗೆ. ಮೂರನೆಯ ಕಡೆ ಕೂರುವಾಗ ಚಪ್ಪಲಿಗೆ ಮುಳ್ಳು ಹೊಕ್ಕ ಹಾಗೆ ನಟಿಸುತ್ತಿದ್ದರು. ಎದೆಯ ಫೋಟೋ ತೆಗೆಸೋಣ ಎಂದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಫೋಟೋ ತೆಗೆಸಿದವರಿಗೆಲ್ಲ 'ಆ ಕೆಮ್ಮು' ಎಂದು ಬರೆದುಕೊಡುತ್ತಾರೆ, ಬರೆದುಕೊಟ್ಟರೆ ಧಣಿ ಯಂತ್ರದಿಂದ ಇಳಿಸುತ್ತಾರೆ, ಊರು ಮಗಳ ಕಡೆ ಬೆರಳು ತೋರಿಸುತ್ತದೆ. ಇದು ಅವರ ಲೆಕ್ಕ, ಮತ್ತು ಅದರಲ್ಲಿ ಬಹುಪಾಲು ಸರಿಯೇ ಇತ್ತು.

ನಾನು ಸುಳ್ಳು ಹೇಳಿದೆ. ಕಾಲೇಜಿಗೆ ಸೇರಲು ನನ್ನ ಆರೋಗ್ಯದ ಸರ್ಟಿಫಿಕೇಟು, ಎದೆಯ ಎಕ್ಸ್‌ರೇ ಬೇಕಿತ್ತು, ಅದು ನಿಜ. ತಂದೆಯದ್ದೂ ಬೇಕಂತೆ ಎಂದು ಸೇರಿಸಿದೆ. ಅಪ್ಪ ಕಾಲೇಜಿನಿಂದ ಬಂದ ಕಾಗದವನ್ನು ಓದಲು ಬಾರದೆ ತಿರುಗಿಸಿ ನೋಡಿ, ಕಾಲೇಜಿನವರು ಹೇಳಿದರೆ ಹೋಗಬೇಕಲ್ಲ ಎಂದರು. ಹೊರಡುವ ದಿನ ಅವರು ಗಡ್ಡ ಬೋಳಿಸಿ, ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟರು. ಅಮ್ಮ ಮುಖಕ್ಕೆ ಸ್ವಲ್ಪ ಪೌಡರ್ ಕೂಡ ಹಚ್ಚಿಸಿದಳು, ಮಗಳ ಕಾಲೇಜಿಗೆ ಹೋಗುವ ಫೋಟೋ ಅಲ್ವಾ. ಉಡುಪಿಯ ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿ ಹಲಗೆಗೆ ಎದೆ ಒತ್ತಿ ನಿಲ್ಲಿ ಎಂದಾಗ ಅವರಿಗೆ ಬೇಸರವೇ ಆಯಿತು. ಮುಖ ಬರುವುದಿಲ್ಲವಾ ಎಂದು ತೆಗೆಯುವವನನ್ನು ಎರಡು ಸಲ ಕೇಳಿದರು.

ಡಾಕ್ಟರು ವಯಸ್ಸಾದವರು, ತುಳು ಬಲ್ಲವರು. ಫಿಲ್ಮನ್ನು ಬೆಳಕಿಗೆ ಹಿಡಿಯುವ ಮೊದಲೇ ಅಪ್ಪನ ಅಂಗೈ ಮಗುಚಿ ದಡ್ಡುಗಟ್ಟಿದ ಚರ್ಮ ನೋಡಿದರು. ಆಮೇಲೆ ಇದು ಕ್ಷಯ ಅಲ್ಲ ಎಂದರು. ಅಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಇದು ಕಲ್ಲಿನ ಹುಡಿ, ಗಾಯ ಮಾಡಿ ಒಳಗೆ ಕೂತಿದೆ, ಕೂತದ್ದು ಇನ್ನು ಏಳುವುದಿಲ್ಲ, ಯಾವ ಔಷಧಿಗೂ ಏಳುವುದಿಲ್ಲ, ಆದರೆ ಇವತ್ತೇ ಬಿಟ್ಟರೆ ಉಳಿದ ಶ್ವಾಸಕೋಶ ಹೆಚ್ಚು ದಿನ ಉಳಿದೀತು ಎಂದು ನಿಧಾನ ವಿವರಿಸಿದರು. ಅಪ್ಪ ಪೂರ್ತಿ ಕೇಳಿದರು. ನಂತರ ಒಂದು ಪ್ರಶ್ನೆ ಕೇಳಿದರು.

"ಇನ್ನು ನಾಲ್ಕು ವರ್ಷ ಯಂತ್ರದಲ್ಲಿ ನಿಂತ್ರೆ ಆಗ್ತದಾ ಡಾಕ್ಟ್ರೇ? ನಾಲ್ಕೇ."

"ನಿಲ್ಲಬಹುದು. ಆದ್ರೆ ನಾಲ್ಕನೇ ವರ್ಷ ನಿಮ್ಮನ್ನು ಮನೆಗೆ ಹೊತ್ತುಕೊಂಡು ಬರಬೇಕಾದೀತು."

ಅಪ್ಪ ತಲೆಯಾಡಿಸಿದರು, ಅಂಗಡಿಯವ ಹೇಳಿದ ಕ್ರಯ ಸರಿ ಎಂದು ಒಪ್ಪುವವರ ಹಾಗೆ. ನಾಲ್ಕು ವರ್ಷ ಎಂದರೆ ಏನೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಕೈಯಲ್ಲಿದ್ದ ಕಾಲೇಜಿನ ಕಾಗದ ನನ್ನದಲ್ಲದ ವಸ್ತುವಿನ ಹಾಗೆ ಅನಿಸಿತು.

ಕಾರ್ಕಳದ ಬಸ್ಸಿಗೆ ಕಾಯುತ್ತ ನಾವು ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಿದ್ದೆವು. ಅಪ್ಪ ಅಂಗಿಯ ಗುಂಡಿ ಸರಿ ಮಾಡಿಕೊಳ್ಳುತ್ತ, ಬೇರೆ ಯಾರದೋ ವಿಷಯ ಹೇಳುವವರಂತೆ ಮಾತು ತೆಗೆದರು.

"ನನ್ನ ಫೋಟೋ ಕಾಲೇಜಿಗೆ ಬೇಡ ಅಲ್ವಾ?"

"ಬೇಡ."

"ಗೊತ್ತುಂಟು. ಅದೂ ಗೊತ್ತುಂಟು, ಇದೂ ಗೊತ್ತುಂಟು. ನೀನು ಚಾವಡಿಯಲ್ಲಿ ಚಿತ್ರ ಬರೆದ ದಿವಸವೇ ಗೊತ್ತಾಯ್ತು. ಹುಡಿ ಎದುರಿನ ದಾರಿಯಲ್ಲಿ ಹೋಗ್ತದೆ, ಬೆಲ್ಲ ಹಿಂದಿನದ್ದರಲ್ಲಿ."

"ಮತ್ತೆ ಯಾಕೆ ತಿಂದದ್ದು, ಇಷ್ಟು ವರ್ಷ?"

"ನಿನ್ನ ಅಜ್ಜಿಗೆ ನನಗೆ ಕೊಡ್ಲಿಕ್ಕೆ ಬೇರೆ ಎಂತ ಉಂಟು ಮಗಾ?"

ಅಲ್ಲಿಯವರೆಗೆ ನಾನು ಅಪ್ಪನಿಗೆ ತಿಳಿವಳಿಕೆ ಇಲ್ಲ ಎಂದು ತಿಳಿದಿದ್ದೆ. ಓದಿದವಳ ಜಂಭ ಅದು. ಅವರಿಗೆ ಎಲ್ಲ ತಿಳಿದಿತ್ತು. ತಿಳಿದೂ ಅವರು ಯಂತ್ರ ಹಿಡಿದು ನಿಂತಿದ್ದರು. ಬಟ್ಟೆ ಕಟ್ಟಿಕೊಂಡರೆ ಮದಿಮಾಳ್ ಆಗಬೇಕಿತ್ತು, ಯಂತ್ರ ಬಿಟ್ಟರೆ ಮಗಳ ಓದು ನಿಲ್ಲುತ್ತಿತ್ತು, ಬೆಲ್ಲ ತಿನ್ನದಿದ್ದರೆ ತಾಯಿಯ ಮನಸ್ಸು ಒಡೆಯುತ್ತಿತ್ತು. ಇಷ್ಟನ್ನೂ ತೂಗಿ ಅವರು ತಮ್ಮ ಎದೆಯನ್ನು ಕೊನೆಗೆ ಇಟ್ಟಿದ್ದರು, ಅಮ್ಮ ಊಟಕ್ಕೆ ಕೊನೆಗೆ ಕೂರುವ ಹಾಗೆ. ಬಸ್ಸಿನಲ್ಲಿ ನಾನು ಹೇಳಿದೆ, ನೀವು ಯಂತ್ರದಿಂದ ಇಳಿಯುವವರೆಗೆ ನಾನು ಕಾಲೇಜಿಗೆ ಕಾಲಿಡುವುದಿಲ್ಲ. ಅವರು ಕಿಟಕಿಯ ಹೊರಗೆ ನೋಡಿದರು. ನನ್ನ ಹಟ ಅವರಿಂದಲೇ ಬಂದದ್ದು, ಅದು ಅವರಿಗೆ ಗೊತ್ತಿತ್ತು.

ಮನೆಯಲ್ಲಿ ಎರಡು ವಾರ ಯುದ್ಧ. ಸಿಕ್ಕಿದ ಸೀಟು ಬಿಡುವವಳು ಹುಚ್ಚಿ ಎಂದು ಅಮ್ಮ ಬೀಡಿಯ ನೂಲು ಕಚ್ಚಿ ಕಚ್ಚಿ ತುಂಡು ಮಾಡುತ್ತಿದ್ದಳು. ಅಪ್ಪ ದಿನಾ ಕೋರೆಗೆ ಹೋದರು. ನಾನು ಕಾಲೇಜಿಗೆ ಸೇರುವ ಕೊನೆಯ ದಿನವನ್ನು ಜಗಲಿಯಲ್ಲಿ ಕೂತು ಕಳೆದೆ. ಆ ಸಂಜೆ ಅಜ್ಜಿ ನನ್ನನ್ನು ಹತ್ತಿರ ಕರೆದು, ಡಾಕ್ಟರು ಹೇಳಿದ್ದನ್ನು ಒಂದು ಶಬ್ದ ಬಿಡದೆ ಹೇಳು ಎಂದಳು. ಈ ಸಲ ನಾನು ನೆಲದ ಮೇಲೆ ಏನೂ ಬರೆಯಲಿಲ್ಲ. ಅವಳ ಕೈಯನ್ನು ಅವಳ ಎದೆಯ ಮೇಲೆ ಇಟ್ಟು, ಉಸಿರು ಎಲ್ಲಿ ಏರುತ್ತದೆ, ನುಂಗಿದ್ದು ಎಲ್ಲಿ ಇಳಿಯುತ್ತದೆ ಎಂದು ಅವಳಿಗೇ ತೋರಿಸಿದೆ. ಅವಳು ಎರಡು ಮೂರು ಸಲ ಉಗುಳು ನುಂಗಿ, ಉಸಿರೆಳೆದು, ಪರೀಕ್ಷೆ ಮಾಡಿ ನೋಡಿದಳು. ಅಪ್ಪ ಮೈ ತೊಳೆದು ಬಂದು ಕೂತರು. ಅಜ್ಜಿ ತಾನೇ ಎದ್ದು ಗೋಡೆ ಹಿಡಿದುಕೊಂಡು ಜಗಲಿಗೆ ಹೋದಳು. ಕೈಯಲ್ಲಿ ಏನೂ ಇರಲಿಲ್ಲ.

"ನನ್ನ ಬೆಲ್ಲ ಸಾಕಾಗಲಿಲ್ಲ ಮಗಾ. ನಾನು ಹೇಳ್ತೇನೆ, ಇಳಿ. ನಿನ್ನನ್ನು ಹೆತ್ತದ್ದು ಆ ಧಣಿಯ ಯಂತ್ರಕ್ಕಲ್ಲ."

ಟೀಚರ್ ಹೇಳಿದ್ದು ಸಾಕಾಗಲಿಲ್ಲ, ಡಾಕ್ಟರು ಹೇಳಿದ್ದೂ ಸಾಕಾಗಲಿಲ್ಲ, ನಾನು ಹಟ ಹಿಡಿದದ್ದೂ. ಬೆಲ್ಲ ಕೊಟ್ಟ ಕೈಯೇ ಬಿಡುಗಡೆ ಕೊಡಬೇಕಿತ್ತು. ಅರುವತ್ತು ವರ್ಷ ನಂಬಿದ್ದನ್ನು ಅಜ್ಜಿ ಒಂದು ವಾಕ್ಯದಲ್ಲಿ ಕೆಳಗಿಟ್ಟಳು, ಮತ್ತು ಅದರ ಬಗ್ಗೆ ಮತ್ತೆ ಒಂದು ಮಾತೂ ಆಡಲಿಲ್ಲ. ನಾನು ಕಂಡ ಅತಿ ಬುದ್ಧಿವಂತ ಮನುಷ್ಯರಲ್ಲಿ ಅಕ್ಷರ ಬಾರದ ಆ ಮುದುಕಿ ಒಬ್ಬಳು. ಅಪ್ಪ ಸೋಮವಾರ ಕೋರೆಗೆ ಹೋಗಲಿಲ್ಲ.

ಸಂಬಳ ನಿಂತಿತು. ನಾನು ಒಂದು ವರ್ಷ ಅಮ್ಮನ ಎದುರು ಇನ್ನೊಂದು ಮೊರ ಇಟ್ಟುಕೊಂಡು ಬೀಡಿ ಸುತ್ತಿದೆ. ಮರುವರ್ಷ ಮತ್ತೆ ಅರ್ಜಿ ಹಾಕಿ, ಮತ್ತೆ ಸೀಟು ತೆಗೆದುಕೊಂಡು, ನನಗಿಂತ ಸಣ್ಣವರ ಜೊತೆ ಕೂತು ಪದವಿ ಮುಗಿಸಿದೆ. ಆ ಒಂದು ವರ್ಷ ನಷ್ಟವಾಯಿತಲ್ಲ ಎಂದು ಸಹಪಾಠಿಗಳು ಕೇಳಿದ್ದುಂಟು. ನಾನು ಅದನ್ನು ನಷ್ಟದ ಕಡೆ ಬರೆಯುವುದಿಲ್ಲ. ಅಪ್ಪ ಅರ್ಧ ಉಸಿರಿನಲ್ಲಿ ಬದುಕಿದರು, ನಿಧಾನ ನಡೆದರು, ಆದರೆ ನನ್ನ ಘಟಿಕೋತ್ಸವಕ್ಕೆ ತಾವೇ ಮೆಟ್ಟಿಲು ಹತ್ತಿ ಬಂದರು, ನನ್ನ ಮಗಳ ಹೆಸರಿಡುವ ದಿನ ತೊಟ್ಟಿಲಿನ ಹಗ್ಗ ಹಿಡಿದರು.

ಯಂತ್ರ ಬಿಟ್ಟ ಮೇಲೆ ಅವರಿಗೆ ಗೊತ್ತಿದ್ದದ್ದು ಕಲ್ಲಿನ ಕೆಲಸ ಒಂದೇ. ಹೋಟೆಲುಗಳ ರುಬ್ಬುವ ಕಲ್ಲು ಸವೆದು ನುಣುಪಾದರೆ ಅದಕ್ಕೆ ಉಳಿಯಿಂದ ಮತ್ತೆ ಹಲ್ಲು ಹಾಕಬೇಕು. ಅಪ್ಪ ಅದನ್ನು ಹಿಡಿದರು, ಬಸ್ಸಿನಲ್ಲಿ ಉಡುಪಿ, ಉದ್ಯಾವರ ಎಂದು ತಿರುಗುತ್ತಿದ್ದರು. ಕಲ್ಲನ್ನೇ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಕೇಳುವುದಿಲ್ಲ ಎಂದು ಕಂಡ ಮೇಲೆ, ಹಾಗಾದರೆ ಒಣಗಿದ ಕಲ್ಲಿಗೆ ಒಂದು ಪೆಟ್ಟೂ ಬೀಳಬಾರದು, ಹುಡಿ ಏಳುವ ಮೊದಲೇ ನೀರಿನಲ್ಲಿ ಕೂರಬೇಕು ಎಂದು ಕಟ್ಟುನಿಟ್ಟು ಮಾಡಿದರು. ಇಂದಿನ ನಾನಾದರೆ ಅದಕ್ಕೂ ಒಪ್ಪುತ್ತಿರಲಿಲ್ಲ. ಎರಡನೇ ಸಲ ಅರ್ಜಿ ಕೊಡಲು ಮಣಿಪಾಲಕ್ಕೆ ಹೋದ ದಿನ, ವಾಪಸ್ಸು ಬರುವಾಗ, ಅವರು ಕೆಲಸ ಮಾಡುತ್ತಿದ್ದ ಉಡುಪಿಯ ಒಂದು ಹೋಟೆಲಿನ ಹಿತ್ತಲಿಗೆ ಹೋದೆ. ಅಪ್ಪ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಪಕ್ಕದ ಬಾಲ್ದಿಯಿಂದ ನೀರು ಹೊಯ್ದು ಮೂರು ಪೆಟ್ಟು, ಮತ್ತೆ ನೀರು, ಮತ್ತೆ ಮೂರು ಪೆಟ್ಟು. ಕಾಲಿನ ಬುಡದಲ್ಲಿ ಬೂದಿ ಬಣ್ಣದ ಕೆಸರು ಹರಿಯುತ್ತಿತ್ತು. ಗಾಳಿಯಲ್ಲಿ ಒಂದು ಕಣ ಇರಲಿಲ್ಲ. ಹೋಟೆಲಿನ ಸಾಹುಕಾರರು ಹಿಂಬಾಗಿಲಿಗೆ ಬಂದು, ಸೊಂಟಕ್ಕೆ ಕೈ ಇಟ್ಟು ನೋಡಿದರು.

"ಎಂತದು ಮಾರಾಯ್ರೆ, ಮೂರು ಪೆಟ್ಟಿಗೊಮ್ಮೆ ಸ್ನಾನ ಮಾಡಿಸ್ತೀರಿ ಕಲ್ಲಿಗೆ? ಒಣಗಿಸಿ ಹೊಡೆದ್ರೆ ಒಂದು ಗಂಟೆಯ ಕೆಲಸ. ಹೀಗಾದ್ರೆ ಸಂಜೆ ಆಗ್ತದೆ."

ಅಪ್ಪ ತಲೆ ಎತ್ತಲಿಲ್ಲ.

"ಆಗ್ಲಿ ಸಾವ್ಕಾರ್ರೆ. ಸಂಜೆಗೂ ನಾನು ಇರ್ತೇನೆ."

ಅಷ್ಟು ಹೇಳಿ ಬಾಲ್ದಿ ಬಗ್ಗಿಸಿದರು. ನೀರು ಮುಗಿದಿತ್ತು. ನಾನು ಚೀಲ ಕೆಳಗಿಟ್ಟು, ಬಾಲ್ದಿ ಎತ್ತಿಕೊಂಡು ನಲ್ಲಿಯ ಕಡೆ ಹೋದೆ.